ಬೆಳ್ಳಿಯ ಮೇಲಿನ ನದಿಗಳು

“ಗುರುಗಳೇ, ನಾನು ಕಂಡದ್ದು ನಿಜವೋ, ಸುಳ್ಳೋ?” ಎಂದು ಮರುಳಯ್ಯ ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕುಳಿತು ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಮರುಳಯ್ಯ ಅವರ ಹೊಸ ಶಿಷ್ಯ. ಅವನ ಪಕ್ಕದಲ್ಲಿ ಒಂದು ಬಟ್ಟೆಯ ಗಂಟು ಇತ್ತು.

“ಏನು ಕಂಡೆ?”

“ಬೆಳಗಿನ ಜಾವ ಕಣ್ಣು ಮುಚ್ಚಿ ಕುಳಿತರೆ ಒಂದು ನೀಲಿ ಬೆಳಕು ಕಾಣುತ್ತದೆ. ಬರುತ್ತದೆ, ಅರಳುತ್ತದೆ, ಹೋಗುತ್ತದೆ. ದೇವರೇ ಬಂದು ಹೋಗುತ್ತಿದ್ದಾನೆ ಎಂದುಕೊಂಡಿದ್ದೆ. ಈ ದಿನ ಕೊಟ್ರಯ್ಯನವರಿಗೆ ಹೇಳಿದೆ.”

ಕೊಟ್ರಯ್ಯ ಹಿರಿಯ ಶಿಷ್ಯ. ಕಂಬದ ಆಚೆ ಹೂ ಕಟ್ಟುತ್ತಿದ್ದವನು ಅಲ್ಲಿಂದಲೇ ಹೇಳಿದ: “ಕಣ್ಣು ಒತ್ತಿ ಮುಚ್ಚಿದರೆ ಅಡುಗೆಯ ಸಂಗಯ್ಯನಿಗೂ ನೀಲಿ ಬೆಳಕು ಕಾಣುತ್ತದೆ, ಗುರುಗಳೇ. ಈರುಳ್ಳಿ ಹೆಚ್ಚುವಾಗಲಂತೂ ಎರಡೆರಡು ದೇವರು ಬರುತ್ತಾರಂತೆ. ಇವನು ಹೆಸರಿಗೆ ತಕ್ಕ ಮರುಳು.”

ಮರುಳಯ್ಯ ತಲೆ ತಗ್ಗಿಸಿದ. “ಅದನ್ನು ನಂಬಿಯೇ ಇಲ್ಲಿ ಉಳಿದಿದ್ದೆ. ಅದು ಸುಳ್ಳಾದರೆ ನಾಳೆ ಊರಿಗೆ ಹೊರಡುತ್ತೇನೆ.”

ಗುರುಗಳು ಹೊಸೆದ ಬತ್ತಿಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಕಡಲ ತೀರದ ಊರಿನಲ್ಲಿ ಕಾಳುಮೆಣಸಿನ ವ್ಯಾಪಾರಿಯೊಬ್ಬನಿದ್ದ. ಒಂದು ಕಾಳು ಕಚ್ಚಿ ನೋಡಿದರೆ ಸಾಕು, ಅದು ಯಾವ ಊರಿನ ಬಳ್ಳಿಯದು ಎಂದು ಹೇಳುತ್ತಿದ್ದ. ಪ್ರತಿ ಮೂಟೆಯ ಮೇಲೂ ಕಾಳು ಹುಟ್ಟಿದ ಊರಿನ ಹೆಸರನ್ನು ತಾನೇ ಮಸಿಯಲ್ಲಿ ಬರೆಯುತ್ತಿದ್ದ. ಅವನು ಬರೆದ ಊರು ಎಂದೂ ತಪ್ಪಿರಲಿಲ್ಲ.

ಅವನಿಗೆ ಒಬ್ಬಳೇ ಮಗಳಿದ್ದಳು. ಚಿಕ್ಕ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಗಂಡನಾಗಲಿ ಹೆಂಡತಿಯಾಗಲಿ ಅವಳ ಹೆಸರು ಎತ್ತುತ್ತಿರಲಿಲ್ಲ.

ಒಮ್ಮೆ ಬಂದರಿಗೆ ಬಂದ ಹಡಗಿನ ಕಪ್ತಾನ ಒಂದು ಮೂಟೆ ಮೆಣಸು ಪಡೆದು, ಅದಕ್ಕೆ ಬದಲಾಗಿ ಒಂದು ದೂರದರ್ಶಕ ಕೊಟ್ಟ. ವ್ಯಾಪಾರಿ ಅದನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ.

“ಮೆಣಸು ಕೊಟ್ಟು ಕೊಳವೆ ತಂದಿರಾ?” ಎಂದಳು ಹೆಂಡತಿ. “ಒಲೆ ಊದುವುದಕ್ಕೂ ಬರುವುದಿಲ್ಲವಲ್ಲ, ಎರಡೂ ಕಡೆ ಗಾಜು.”

ಸಂಜೆ ಪಡುವಣದಲ್ಲಿ ಎಲ್ಲಕ್ಕಿಂತ ಮೊದಲು ಕಾಣುವ ಶುಕ್ರನನ್ನು ಆ ಊರಿನವರು ಬೆಳ್ಳಿ ಎನ್ನುತ್ತಿದ್ದರು. ವ್ಯಾಪಾರಿ ಮಾಳಿಗೆಯ ಮೇಲೆ ದೂರದರ್ಶಕವನ್ನು ನಿಲ್ಲಿಸಿ ಬೆಳ್ಳಿಯ ಕಡೆಗೆ ತಿರುಗಿಸಿದ. ಬೆಳಕು ಕಣ್ಣು ಕುಕ್ಕಿತು. ಅಂಚು ಕಾಯುವ ಹಾಲಿನಂತೆ ನಡುಗುತ್ತಿತ್ತು. ಅವನು ದಪ್ಪ ಕಾಗದದ ಮುಚ್ಚಳ ಮಾಡಿ, ನಡುವೆ ಹುಣಸೆ ಬೀಜದಷ್ಟು ತೂತು ಕೊರೆದು, ಕೊಳವೆಯ ಮುಂಬಾಯಿಗೆ ತೊಡಿಸಿದ. ಬೆಳಕು ತಗ್ಗಿತು. ನಡುಕ ನಿಂತಿತು.

ಆಗ ಅವನಿಗೆ ಗೆರೆಗಳು ಕಂಡವು. ನವಿರಾದ ಗೆರೆಗಳು. ಒಂದು ಕಡೆ ಎಲ್ಲ ಕೂಡಿ, ಅಲ್ಲಿಂದ ಕವಲೊಡೆದು, ಕವಲು ಮತ್ತೆ ಕವಲಾಗಿ ಬೆಳಕಿನ ತುಂಬ ಹಬ್ಬಿದ್ದವು.

ಅವು ನದಿಗಳು ಎಂದು ಅವನು ತಿಳಿದ. ನದಿಗಳಿದ್ದ ಮೇಲೆ ದಡಗಳಿರಬೇಕು, ದಡಗಳಲ್ಲಿ ಊರುಗಳಿರಬೇಕು. ಅಂಗಡಿಯಲ್ಲಿ ಕುಳಿತಿದ್ದಾಗಲೂ ಆ ನೀರು ಅವನೊಳಗೆ ಸದ್ದಿಲ್ಲದೆ ಹರಿಯುತ್ತಿತ್ತು. ಆ ಊರುಗಳಲ್ಲಿ ಸಂಜೆ ಮುಗಿಯುತ್ತಿರಲಿಲ್ಲ. ಮಕ್ಕಳು ನೀರಿನ ಮೇಲೆ ನಡೆದು ಆಚೆ ದಡಕ್ಕೆ ಹೋಗಿ ಬರುತ್ತಿದ್ದರು. ಯಾರಿಗೂ ಜ್ವರ ಬರುತ್ತಿರಲಿಲ್ಲ.

ಪ್ರತಿ ಸಂಜೆ ಅವನು ನೋಡಿದ, ಚಿತ್ರ ಬರೆದ, ಹಿಂದಿನ ಚಿತ್ರದೊಡನೆ ಹೋಲಿಸಿದ. ಬೆಳ್ಳಿ ಪಡುವಣ ಬಿಟ್ಟು ಮೂಡಣಕ್ಕೆ ಹೋಯಿತು, ಆಗ ಬೆಳಗಿನ ಜಾವ ನೋಡಿದ. ಮತ್ತೆ ಪಡುವಣಕ್ಕೆ ಬಂತು. ನದಿಗಳು ಕೂದಲೆಳೆಯಷ್ಟೂ ಕದಲಲಿಲ್ಲ. ಇಷ್ಟು ಕಾಲ ಕದಲದೆ ಇರುವುದು ನಿಜವಲ್ಲದೆ ಇನ್ನೇನು ಎಂದುಕೊಂಡ.

ಶಾಲೆಯ ಮೇಷ್ಟರನ್ನು ಕರೆದು ತೋರಿಸಿದ. ಅವರಿಗೆ ಬೆಳಕು ಬಿಟ್ಟು ಬೇರೇನೂ ಕಾಣಲಿಲ್ಲ. ಅಷ್ಟರಲ್ಲಿ ತಟ್ಟೆಯಲ್ಲಿ ಚಕ್ಕುಲಿ ಬಂತು. ಮೇಷ್ಟರಿಗೆ ಒಂದೆರಡು ನದಿಗಳು ಕಂಡವು.

ವ್ಯಾಪಾರಿ ನದಿಗಳಿಗೆ ಹೆಸರಿಟ್ಟ. ಎಲ್ಲಕ್ಕಿಂತ ಉದ್ದವಾದ ನದಿಗೆ ಮಗಳ ಹೆಸರಿಟ್ಟ. ಕೆಳಗೆ ಬಂದು ಹೆಂಡತಿಗೆ ಹೇಳಿದ. ಏನೋ ಹಾಸ್ಯ ಮಾಡಲು ಬಾಯಿ ತೆರೆದಿದ್ದ ಅವಳು ಹಾಗೆಯೇ ನಿಂತಳು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಆ ಹೆಸರು ಕೇಳಿಸಿತ್ತು. ಮರುದಿನ ಸಂಜೆ ಅವಳೂ ಮಾಳಿಗೆ ಹತ್ತಿದಳು.

“ಎಲ್ಲಿದ್ದಾಳೆ?”

“ಬಲಕ್ಕೆ ಬಾಗಿ ಮೇಲೆ ಹೋಗುವ ನದಿ ನೋಡು. ಅದೇ.”

“ನನಗೆ ಎಡಕ್ಕೆ ಬಾಗಿದ್ದು ಕಾಣುತ್ತದೆ.”

“ನಿನಗೆ ಇನ್ನೂ ನೋಡಿ ರೂಢಿಯಿಲ್ಲ.”

“ಇರಬಹುದು. ಎಡಕ್ಕಾದರೂ ಇದ್ದಾಳಲ್ಲ,” ಎಂದಳು.

ಅವನು ನೋಡುತ್ತಿದ್ದದ್ದು ಬಲಗಣ್ಣಿನಿಂದ, ಅವಳು ನೋಡುತ್ತಿದ್ದದ್ದು ಎಡಗಣ್ಣಿನಿಂದ. ಅದನ್ನು ಇಬ್ಬರೂ ಗಮನಿಸಲಿಲ್ಲ. ಆಮೇಲೆ ಸಂಜೆಯಾದರೆ ಅವರು ಒಬ್ಬರ ನಂತರ ಒಬ್ಬರು ಕೊಳವೆಗೆ ಕಣ್ಣಿಡುತ್ತಿದ್ದರು. ಮಗಳು ಹೀಗಿದ್ದಳು, ಹಾಗೆ ನಗುತ್ತಿದ್ದಳು ಎಂದು ಮಾತಾಡುತ್ತಿದ್ದರು. ಬೆಳ್ಳಿ ಕಡಲಿಗೆ ಇಳಿದ ಮೇಲೆಯೇ ಅವರು ಮಾಳಿಗೆ ಇಳಿಯುತ್ತಿದ್ದದ್ದು.

ಬಹಳ ಕಾಲ ಹೀಗೆ ನೋಡಿ ವ್ಯಾಪಾರಿಯ ಬಲಗಣ್ಣು ಕೆಂಪಾಯಿತು. ನೀರು ಸುರಿಯತೊಡಗಿತು. ಅವನು ಪಟ್ಟಣಕ್ಕೆ ಹೋಗಿ ಕಣ್ಣಿನ ವೈದ್ಯರನ್ನು ಕಂಡ. ವೈದ್ಯರು ಕಿಟಕಿ ಮುಚ್ಚಿ, ಪಕ್ಕದಲ್ಲಿ ದೀಪವಿಟ್ಟು, ನಡುವೆ ತೂತಿದ್ದ ಸಣ್ಣ ಕನ್ನಡಿಯೊಂದನ್ನು ಹಿಡಿದು, ಆ ತೂತಿನಿಂದ ಅವನ ಕಣ್ಣಿನ ಒಳಗೆ ನೋಡಿದರು.

“ಒಳಗೆಲ್ಲ ಚೆನ್ನಾಗಿದೆ. ಕಣ್ಣು ದಣಿದಿದೆ, ಅಷ್ಟೆ,” ಎಂದರು. ಒಳಗೆ ಕಂಡದ್ದನ್ನು ಚಿತ್ರ ಬರೆದಿಡುವುದು ಅವರ ಪದ್ಧತಿ. ಕಾಗದದ ಮೇಲೆ ಒಂದು ವೃತ್ತ ಎಳೆದರು. ಅದರೊಳಗೆ ಗೆರೆಗಳನ್ನು ಬಿಡಿಸಿದರು.

ವ್ಯಾಪಾರಿ ಆ ಕಾಗದವನ್ನು ನೋಡಿದ. ಗೆರೆಗಳು ಒಂದು ಕಡೆ ಕೂಡಿದ್ದವು. ಅಲ್ಲಿಂದ ಕವಲೊಡೆದು, ಕವಲು ಮತ್ತೆ ಕವಲಾಗಿ ಹಬ್ಬಿದ್ದವು. ದಡದ ಮರ ಕೆರೆಯ ನೀರಿನಲ್ಲಿ ಕಾಣುವಂತೆ ತಲೆಕೆಳಗಾಗಿದ್ದವು, ಅವನ ನದಿಗಳಿಗೂ ಇವಕ್ಕೂ ಬೇರೆ ವ್ಯತ್ಯಾಸವಿರಲಿಲ್ಲ. ಎಲ್ಲಕ್ಕಿಂತ ಉದ್ದವಾದ ಗೆರೆ ಬಲಕ್ಕೆ ಬಾಗಿತ್ತು.

“ಇದು ಎಲ್ಲಿಯದು, ವೈದ್ಯರೇ?”

“ನಿಮ್ಮ ಕಣ್ಣಿನ ಒಳಗೋಡೆಯದು. ರಕ್ತ ಹರಿಯುವ ನಾಳಗಳು. ಎಲ್ಲರಿಗೂ ಇರುತ್ತವೆ, ಆದರೆ ಒಬ್ಬರದು ಇನ್ನೊಬ್ಬರದರಂತೆ ಇರುವುದಿಲ್ಲ. ನಮ್ಮವು ನಮಗೆ ಕಾಣುವುದಿಲ್ಲ.”

“ತೀರ ಸಣ್ಣ ತೂತಿನಿಂದ ಬೆಳಕು ಬಂದರೆ?”

ವೈದ್ಯರು ಸ್ವಲ್ಪ ಯೋಚಿಸಿದರು. “ಆಗ ಬೆಳಕು ಎಳೆಯಂತೆ ತೆಳ್ಳಗಾಗಿ ಒಳಗೆ ಹೋಗುತ್ತದೆ. ನಾಳಗಳ ನೆರಳು ಕಾಣಬಹುದು. ಏಕೆ ಕೇಳಿದಿರಿ?”

ವ್ಯಾಪಾರಿ ಕೈಮುಗಿದು ಊರಿಗೆ ಹೊರಟ.

ಆ ಸಂಜೆ ಅವನು ಒಬ್ಬನೇ ಮಾಳಿಗೆ ಹತ್ತಿದ. ಬೆಳ್ಳಿ ಕಡಲಿನ ಮೇಲಿತ್ತು. ಕಾಗದದ ಮುಚ್ಚಳದ ಮೇಲೆ ಕೈಯಿಟ್ಟು ನಿಂತ. ಅದನ್ನು ತೆಗೆದರೆ ಮಗಳು ಎರಡನೆಯ ಸಲ ಹೋಗುತ್ತಾಳೆ. ತೆಗೆಯದಿದ್ದರೆ ಇದ್ದ ಹಾಗೆಯೇ ಇರುತ್ತಾಳೆ. ಹೆಂಡತಿಗೆ ಹೇಳುವವರು ಯಾರೂ ಇಲ್ಲ. ಕೈ ಬಹಳ ಹೊತ್ತು ಅಲ್ಲೇ ಇತ್ತು. ಕೊನೆಗೆ ಮುಚ್ಚಳ ತೆಗೆದ.

ಬೆಳಕು ಕಣ್ಣು ಕುಕ್ಕಿತು. ಅವನು ಕಾದ. ಕಣ್ಣು ಒಗ್ಗಿತು, ಅಂಚಿನ ನಡುಕ ಕಡಿಮೆಯಾಯಿತು. ಬೆಳ್ಳಿ ಬಿದಿಗೆಯ ಚಂದ್ರನಂತೆ ಬಾಗಿತ್ತು. ಅದರ ಮೇಲೆ ಒಂದು ಗೆರೆಯೂ ಇರಲಿಲ್ಲ. ಅದು ತುಂಬಿಕೊಳ್ಳುವುದನ್ನೂ ತೆಳುವಾಗುವುದನ್ನೂ ಅವನು ಅಷ್ಟು ಕಾಲವೂ ಕಂಡಿದ್ದ. ನದಿಗಳನ್ನು ಹುಡುಕುವ ಭರದಲ್ಲಿ ಅದರ ಕಡೆಗೆ ಮನಸ್ಸು ಕೊಟ್ಟಿರಲಿಲ್ಲ.

ಹೆಂಡತಿ ಮೇಲೆ ಬಂದಳು. ಕೊಳವೆಗೆ ಕಣ್ಣಿಟ್ಟಳು. ಮುಖ ಬಾಡಿತು.

“ಇಲ್ಲವಲ್ಲ. ಎಲ್ಲಿ ಹೋದಳು?”

ಅವನು ಕಣ್ಣು ಮುಚ್ಚಿದ. ಅವಳ ಕೈ ಹಿಡಿದು, ತನ್ನ ಬಲಗಣ್ಣಿನ ರೆಪ್ಪೆಯ ಮೇಲೆ ಅವಳ ಬೆರಳುಗಳನ್ನು ಇಟ್ಟುಕೊಂಡ. ವೈದ್ಯರು ಹೇಳಿದ್ದನ್ನೆಲ್ಲ ಮೆಲ್ಲಗೆ ಹೇಳಿದ. ಹೇಳಿ ಮುಗಿದ ಮೇಲೂ ಅವಳು ಕೈ ತೆಗೆಯಲಿಲ್ಲ. ಇನ್ನೊಂದು ಕೈ ಅವಳ ಎಡಗಣ್ಣಿನ ಮೇಲಿತ್ತು.

ಮರುದಿನದಿಂದ ಅವನು ಮುಚ್ಚಳವಿಲ್ಲದೆ ನೋಡತೊಡಗಿದ. ಬೆಳ್ಳಿ ಹೇಗಿದೆಯೋ ಹಾಗೆ ಬರೆದ.

ಕತೆ ಮುಗಿಯಿತು. ಅಂಗಳ ಮಬ್ಬಾಗಿತ್ತು. ಗುರುಗಳು ಮತ್ತೆ ಬತ್ತಿಗೆ ಕೈ ಹಾಕಿದರು.

“ನಾನು ಹೇಳಿದ್ದೂ ಅದನ್ನೇ,” ಎಂದ ಕೊಟ್ರಯ್ಯ ಕಂಬದ ಆಚೆಯಿಂದ. “ಎಲ್ಲ ಕಣ್ಣಿನ ಆಟ.”

ಮರುಳಯ್ಯ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡ. “ಹಾಗಾದರೆ ಆ ವ್ಯಾಪಾರಿ ಅಷ್ಟು ಕಾಲ ಕಂಡದ್ದು ಸುಳ್ಳು, ಗುರುಗಳೇ.”

ಗುರುಗಳು ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ದೀಪ ಹಚ್ಚಿ, ಅದನ್ನು ಮರುಳಯ್ಯನ ಮುಂದಿಟ್ಟರು.

“ಕಾಳು ನಿಜ, ಮರುಳಯ್ಯ, ಮೂಟೆಯ ಮೇಲೆ ಬರೆದ ಊರು ತಪ್ಪು.”

ಮರುಳಯ್ಯ ಗಂಟಿನ ಮೇಲಿದ್ದ ಕೈ ತೆಗೆದು ದೀಪದ ಹತ್ತಿರ ಸರಿದ.