ತುಂಬಿದ ಡಿಸ್ಕು

ನದಿ ದಂಡೆಯ ಆಶ್ರಮವೊಂದರಲ್ಲಿ ಒಬ್ಬ ಶಿಷ್ಯ ಒಂದು ಚೂರು ಜಾಗವನ್ನೂ ಹಾಳುಮಾಡಲಿಲ್ಲ. ಅದರಿಂದ ಒಬ್ಬ ತಾಯಿಗೆ ಏನಾಯಿತು, ಊಹಿಸಿ ನೋಡೋಣ. ಆಗಲಿಲ್ಲವೇ? ಮೊದಲ ಸಲ ಕೇಳಿದಾಗ ನಾನೂ ಸೋತಿದ್ದೆ, ಬಿಡಿ.

ಗುರು ನಿರುಪಾದಯ್ಯನವರು. ಶಿಷ್ಯ ಚೆನ್ನವೀರ. ಊರೂರಿನ ತತ್ವಪದಗಳನ್ನೂ ಗುರುಗಳ ಪ್ರವಚನಗಳನ್ನೂ ಧ್ವನಿಮುದ್ರಿಸಿ ಆಶ್ರಮದ ಹಳೆಯ ಕಂಪ್ಯೂಟರಿನಲ್ಲಿ ಇಡುವುದು ಅವನ ಸೇವೆ.

ಎಲೆಯಲ್ಲಿ ಒಂದು ಅಗುಳೂ ಬಿಡಬಾರದೆಂಬುದು ಅಲ್ಲಿಯ ನೇಮ. ಚೆನ್ನವೀರ ಅದನ್ನು ಕಂಪ್ಯೂಟರಿನ ಡಿಸ್ಕಿಗೂ ಹಚ್ಚಿದ. ಹಾಡು ತುಂಬಿಡುವ ಖಾನೆಗಳಲ್ಲಿ ಪ್ರತಿ ಹಾಡಿನ ಕೊನೆಗೆ ಚೂರು ಜಾಗ ಖಾಲಿ ಉಳಿಯುತ್ತದಲ್ಲ, ಅದು ಅವನ ಕಣ್ಣು ಚುಚ್ಚಿತು. ಆ ಖಾನೆಗಳನ್ನು ತೀರ ಸಣ್ಣದಾಗಿಸಿದ. ಹೊಸ ಹಾಡುಗಳನ್ನು ಸಾವಿರ ತುಂಡಾಗಿಸಿ ಸಿಕ್ಕ ಸಂದಿಗೆಲ್ಲ ತುರುಕಿದ.

"ಅಯ್ಯಾರ, ಸಾಸಿವಿ ಹಿಡಿಯೋ ಜಾಗಾನೂ ಬಿಟ್ಟಿಲ್ಲ!"

"ಅದಕ್ಕ ಹೊರಳಾಡಾಕ ಜಾಗ?"

"ಯಂತ್ರ ಯಾಕ ಹೊರಳಾಡತೈತ್ರಿ? ಅದೇನು ಎಮ್ಮೀನ?"

ಗುರು ನಕ್ಕು ನಡೆದರು.

ಒಂದು ಮುಂಜಾನೆ ಊರಿನವರು ಮುದುಕಿ ಹುಲಿಗೆವ್ವನನ್ನು ಹೊರಸಿನ ಮೇಲೆ ಹೊತ್ತು ತಂದರು. ಕಣ್ಣು ಎಂದೋ ಹೋಗಿದ್ದವು, ಈಗ ಜೀವವೂ ಹೊರಟಿತ್ತು. ಹೋದ ವರ್ಷ ತೀರಿಕೊಂಡ ಮಗಳು ದ್ಯಾಮವ್ವ ಹಾಡಿದ ಪದ ಆ ಡಿಸ್ಕಿನಲ್ಲಿತ್ತು.

"ಒಮ್ಮೆ ಆಕಿ ದನಿ ಕೇಳಸಪ್ಪಾ. ಆಮ್ಯಾಲೆ ಹೊಕ್ಕೀನಿ."

ಚೆನ್ನವೀರ ಹಾಡು ಹಚ್ಚಿದ. ಡಿಸ್ಕು ಒಂದು ತುಂಡು ಹುಡುಕಿತು, ಇನ್ನೊಂದಕ್ಕೆ ಓಡಿತು, ಮತ್ತೊಂದಕ್ಕೆ ತಡಕಾಡಿತು. ಹಾಡು ಎರಡಕ್ಷರಕ್ಕೊಮ್ಮೆ ನಿಂತು ನಿಂತು ಬಂತು.

ಮುದುಕಿ ಏಳಲು ಹೆಣಗಿದಳು. "ಯಾಕ ಹಿಂಗ ಬಿಕ್ಕತಾಳ ನನ್ನ ಮಗಳು? ಯಾರ ಏನಂದ್ರು ಆಕಿಗೆ?"

"ಆಕಿ ಅಳಾಕ ಹತ್ತಿಲ್ಲಬೇ. ಯಂತ್ರದ ತಪ್ಪು."

"ನನಗ ಹೇಳ್ತೀಯಾ? ಹೆತ್ತಾಕಿ ನಾನು."

ಶಿಷ್ಯ ಗುರುಗಳ ಹತ್ತಿರ ಓಡಿದ. "ತುಂಡು ಕೂಡಿಸಾಕ ಖಾಲಿ ಜಾಗ ಬೇಕ್ರಿ. ಯಾರದಾರ ದನಿ ಅಳಸಬೇಕು. ಯಾರದು ಅಳಸ್ಲಿ?"

"ನಂದು."

"ನಿಮ್ಮ ಮೂವತ್ತು ವರ್ಷದ ಪ್ರವಚನ, ಅಯ್ಯಾರ! ಮತ್ತೆಲ್ಲೂ ಇಲ್ಲ."

ಗುರು ಬಂದು ತಾವೇ ಅಳಿಸುವ ಗುಂಡಿ ಒತ್ತಿದರು. "ಇನ್ನ ಎಷ್ಟೊತ್ತು?"

ಚೆನ್ನವೀರ ಪರದೆಗೆ ಬಾಗಿದ. "ಖಾಲಿ ಆದದ್ದೂ ಚೂರುಚೂರು ಐತ್ರಿ. ಮೊದಲು ಅದನ್ನ ಒಟ್ಟು ಮಾಡಬೇಕು. ಸಂಜೀತನಕ ಆಗತೈತಿ."

ಮಧ್ಯಾಹ್ನಕ್ಕೇ ಹುಲಿಗೆವ್ವ ಹೋದಳು. ಕೊನೆಯವರೆಗೂ "ಅಳಬ್ಯಾಡವ್ವಾ, ನಾ ಬಂದೆ, ಅಳಬ್ಯಾಡ" ಎನ್ನುತ್ತಲೇ ಇದ್ದಳು.

ಹೊತ್ತು ಮುಳುಗುವಾಗ ಹಾಡು ಎಲ್ಲಿಯೂ ತಡೆಯದೆ ಬಂತು. ಪದ ಮುಗಿದ ಮೇಲೆ ದ್ಯಾಮವ್ವ ಕಿಲಕಿಲ ನಕ್ಕಳು. "ನಮ್ಮವ್ವಗೊಮ್ಮೆ ಕೇಳಸ್ರಿ" ಎಂದಳು.

ಚೆನ್ನವೀರ ಹಾಡುಗಳ ಪಟ್ಟಿ ತೆರೆದ. ಪ್ರತಿ ಹಾಡಿನ ಮುಂದೆ ಒಂದು ಸಾಲು ವಿವರ ಬರೆದಿಡುವುದು ವಾಡಿಕೆ.

"ಇದಕ್ಕ ಏನಂತ ಬರೀಲಿ, ಅಯ್ಯಾರ?"

"ಹಾಡು ಪೂರ್ತಿ ಐತಿ, ಕೇಳಬೇಕಾದಾಕಿ ಇಲ್ಲ ಅಂತ ಬರಿ. ತಿಥೀನೂ ಹಾಕು: ಕಾರ್ತೀಕ ಬಹುಳ ತದಿಗೆ, ಸೋಮವಾರ."