ಮರಕುಟಿಗನ ಬಾಡಿಗೆ ಪೊಟರೆ

ಮರಕುಟಿಗನೊಬ್ಬ ಹಳೆಯ ಮಾವಿನ ಮರದಲ್ಲಿ ಎರಡು ಪೊಟರೆ ಕೊರೆದಿದ್ದ. ಮೇಲಿನದರಲ್ಲಿ ಹೆಂಡತಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದಳು. ಕೆಳಗಿನದನ್ನು ಬಾಡಿಗೆಗೆ ಕೊಡಬೇಕೆಂದು ಅವನ ಆಸೆ. ಬಾಡಿಗೆಯೆಂದರೆ ಇಷ್ಟೇ: ಬೆಕ್ಕು ಮರ ಹತ್ತಿದರೆ ಗಟ್ಟಿಯಾಗಿ ಕೂಗಬೇಕು.

ಪ್ರಚಾರಕ್ಕೆ ಗಿಳಿಯನ್ನು ಹಿಡಿದ. ಗಿಳಿ ಮರಮರಕ್ಕೂ ಹಾರಿ, "ಅರಮನೆಯಂಥ ಪೊಟರೆ! ಆನೆಯೂ ಕಾಲು ಚಾಚಿ ಮಲಗಬಹುದು!" ಎಂದು ಸಾರಿತು.

ಗೂಬೆ ಬಂದು ತಲೆ ತೂರಿಸಿತು, ತಲೆ ಸಿಕ್ಕಿಕೊಂಡಿತು. ಕಿತ್ತುಕೊಂಡು ಹೊರಬಂದಾಗ ಎರಡು ಗರಿ ಅಲ್ಲೇ ಉಳಿದಿದ್ದವು. "ಇದು ಅರಮನೆಯೋ, ಇಲಿಯ ಬಿಲವೋ?" ಎಂದು ಬೈದು ಹೋಯಿತು. ಮಂಗಟ್ಟೆ ಹಕ್ಕಿಯ ಕೊಕ್ಕೇ ಒಳಗೆ ಹೋಗಲಿಲ್ಲ. ಸುದ್ದಿ ಹಬ್ಬಿತು. ಮೂರನೆಯ ದಿನ ಮರದತ್ತ ಯಾರೂ ಸುಳಿಯಲಿಲ್ಲ. ಬೆಕ್ಕು ಮಾತ್ರ ಸುಳಿಯಿತು.

ಮರಕುಟಿಗನಿಗೆ ರೇಗಿತು. ಗಿಳಿಯನ್ನು ಓಡಿಸಿ, ತಾನೇ ಮರದ ತುದಿಯಲ್ಲಿ ಕೂತು ಅರಚಿದ: "ಪೊಟರೆ ಖಾಲಿ ಇದೆ! ಬಾಗಿಲು ತೀರಾ ಕಿರಿದು! ದಪ್ಪಗಿರುವವರು ಬಂದು ನನ್ನನ್ನು ಬೈಯಬೇಡಿ!"

ಮಾತು ಮುಗಿಯುವಷ್ಟರಲ್ಲಿ ಪುಟ್ಟ ಮಡಿವಾಳ ಹಕ್ಕಿಯೊಂದು ಹಾರಿಬಂದು ಬಾಗಿಲಲ್ಲಿ ಇಣುಕಿ ನೋಡಿತು.

"ಇದರಲ್ಲಿ ಬೆಕ್ಕಿನ ತಲೆ ತೂರುತ್ತದೆಯೇ?"

"ಇಲ್ಲಪ್ಪ, ಅದೂ ತೂರುವುದಿಲ್ಲ," ಎಂದ ಮರಕುಟಿಗ ನಾಚಿಕೊಂಡು.

"ಹಾಗಾದರೆ ಇವತ್ತೇ ಬರುತ್ತೇವೆ. ನಿಮ್ಮ ಪಕ್ಕದ ಮರದಲ್ಲೇ ಇದ್ದುಕೊಂಡು ಹದಿನೈದು ದಿನದಿಂದ ಮನೆ ಹುಡುಕುತ್ತಿದ್ದೇವೆ."

"ಮತ್ತೆ ಗಿಳಿ ಅಷ್ಟು ಕೂಗಿದರೂ ಯಾಕೆ ಬರಲಿಲ್ಲ?"

"ಚೆನ್ನಾಗಿ ಹೇಳಿದಿರಿ," ಎಂದಿತು ಮಡಿವಾಳ. "ಆನೆ ನುಗ್ಗುವ ಮನೆಗೆ ಬೆಕ್ಕು ನುಗ್ಗದೇ?"