ಗುಟುಕುಮತ್ತಿ ದಿಬ್ಬ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆಯ ಎಡಭಾಗ ಬೋಳಿಸಿಕೊಂಡು ಸಂತೆಯಲ್ಲಿ ತಿರುಗುತ್ತೇನೆ. ಬಲಭಾಗವನ್ನು ಹೋದ ಸಲದ ಕಥೆಗೇ ಪಣ ಇಟ್ಟಾಗಿದೆ. ತುಂಬರಗೊಪ್ಪದಿಂದ ಸಂಗನಾಳಕ್ಕೆ ಹೋಗುವ ಡಾಂಬರು ರಸ್ತೆಯಲ್ಲಿ ಅರ್ಧ ದಾರಿಗೆ, ಬರೀ ಕಲ್ಲುಗಳೇ ಬೆಳೆಯುವ ಒಂದು ದಿಬ್ಬವಿದೆ. ಅದರ ನೆತ್ತಿಯ ಮೇಲೆ ಒಂಟಿ ಕರಿಮತ್ತಿ ಮರ. ನಾಲ್ಕು ಆಳು ಕೈ ಕೈ ಹಿಡಿದರೂ ತಬ್ಬಲಾಗದ ಬುಡ, ಮೊಸಳೆಯ ಬೆನ್ನಿನಂತೆ ಚೌಕ ಚೌಕವಾಗಿ ಬಿರಿದ ತೊಗಟೆ. ಬಸ್ಸಿನವರು ಇಲ್ಲಿ ‘ಗುಟುಕುಮತ್ತಿ, ಯಾರದಾರ್ರೀ ಇಳಿಯೋರು?’ ಎಂದು ಕೂಗುತ್ತಾರೆ. ಯಾರೂ ಇಳಿಯುವುದಿಲ್ಲ. ನಾನು ಮಾತ್ರ ವರ್ಷಕ್ಕೊಮ್ಮೆ ಇಳಿಯುತ್ತೇನೆ. ಆ ಹೆಸರು ಹುಟ್ಟಿದ್ದು ನಮ್ಮ ಮನೆತನದ ಸಂಕಟದಿಂದ.

ಮತ್ತಿಗಳಲ್ಲಿ ಅಣ್ಣತಮ್ಮಂದಿರಿದ್ದಾರೆ ಎಂಬುದು ಇಂದಿನವರಿಗೆ ಗೊತ್ತಿಲ್ಲ. ಅಣ್ಣ ಈ ಕರಿಮತ್ತಿ. ಒಣಗುಡ್ಡ, ಕಲ್ಲುನೆಲ ಇವನಿಗೆ ತವರು. ನೇಗಿಲು, ಕಂಬ, ಗಾಲಿಯ ನಡುವಿನ ಗುಂಬ, ಏನು ಮಾಡಿದರೂ ಮೂರು ತಲೆಮಾರು ಬಾಳುತ್ತದೆ. ತೊಗಟೆ ಚರ್ಮ ಹದಮಾಡಲು ಬೇಕು, ಸುಟ್ಟು ಬೂದಿ ಮಾಡಿದರೆ ಎಲೆಅಡಿಕೆಗೆ ಸುಣ್ಣದ ಬದಲಿಗೂ ಆಗುತ್ತದೆ. ತಮ್ಮ ಹೊಳೆಮತ್ತಿ. ಸದಾ ನೀರಿನಲ್ಲಿ ಕಾಲಿಟ್ಟುಕೊಂಡಿರುವ, ನುಣುಪು ಮೈಯ ಬಿಳಿಯ. ತೊಗಟೆಯ ಕಷಾಯ ಎದೆಗೆ ಒಳ್ಳೆಯದು ಎನ್ನುತ್ತಾರೆ. ಆದರೆ ಅವಸರಕ್ಕೆ ಕೆತ್ತಿದರೆ ಅದರ ಕಟ್ಟಿಗೆ ಒಣಗುತ್ತ ಸೀಳುತ್ತದೆ.

ಹಿಂದೆ ಒಮ್ಮೆ, ಡಾಂಬರು ಹಾಗಿರಲಿ, ನೆಟ್ಟಗೆ ಗಾಡಿದಾರಿಯೂ ಇಲ್ಲದಿದ್ದ ಕಾಲದಲ್ಲಿ, ತುಂಬರಗೊಪ್ಪದಲ್ಲಿ ಕಾಳಪ್ಪ ಬಡಿಗೇರ ಎಂಬ ನನ್ನ ಹಿರೀಕನಿದ್ದ. ಗಾಡಿ ಮಾಡುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ಜಂಬದಲ್ಲಂತೂ ಮೊದಲೇ ಇಲ್ಲ. (ಎರಡನೆಯದು ವಂಶಪಾರಂಪರ್ಯವಾಗಿ ನನಗೆ ಬಂದಿದೆ.) ಒಂದು ಬೇಸಿಗೆಯಲ್ಲಿ ಅವನು ಎಂಟು ತಿಂಗಳು ತುಂಬಿದ ಬಸುರಿ ಮಗಳು ನೀಲವ್ವನನ್ನು ಚೊಚ್ಚಲ ಹೆರಿಗೆಗೆ ಕರೆತರಲು ಸಂಗನಾಳಕ್ಕೆ ಹೊಸ ಗಾಡಿ ಹೂಡಿಕೊಂಡು ಹೋದ. ಬೀಗರ ಅಂಗಳದಲ್ಲಿ ಗಾಲಿಯನ್ನು ತಟ್ಟಿ, ‘ಗುಂಬ ಕರಿಮತ್ತೀದ್ರಿ, ಬೀಗರ! ನಿಮ್ಮ ಮರಿಮೊಮ್ಮಗ ಓಡಸ್ಬೇಕು ಇದನ್ನ’ ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿ ಮಗಳನ್ನು ಹತ್ತಿಸಿಕೊಂಡ.

ನೆತ್ತಿ ಸುಡುವ ಹೊತ್ತಿಗೆ ಸರಿಯಾಗಿ ಈ ದಿಬ್ಬದ ಮೇಲೆ ಗುಂಬ ಎರಡು ಹೋಳಾಯಿತು. ಗಾಡಿ ವಾಲಿತು. ನೀಲವ್ವ ಹೇಗೋ ಗೂಟ ಹಿಡಿದು ಉಳಿದಳು, ಕುಡಿಯುವ ನೀರಿನ ಗಡಿಗೆ ಮಾತ್ರ ಉರುಳಿ ಕಲ್ಲಿಗೆ ಬಿದ್ದು ಒಡೆಯಿತು. ಆ ಕಡೆ ಈ ಕಡೆ ಎರಡು ಹರದಾರಿ ಒಂದು ಹನಿ ನೀರಿಲ್ಲ. ಕಾಳಪ್ಪನಿಗೆ ಗಾಡಿಯದೇ ಚಿಂತೆ. ಈ ಮರದ ಒಂದು ಟೊಂಗೆಯನ್ನು ಕಡಿದು ಅಚ್ಚಿನ ಕೆಳಗೆ ಕಟ್ಟಿ ಎಳೆಸಿಕೊಂಡು ಹೋದರಾಯಿತೆಂದು ಕೊಡಲಿ ತೆಗೆದ. ಆದರೆ ಬಡಿಗೇರರಿಗೆ ಒಂದು ಕಟ್ಟಳೆಯಿತ್ತು: ಕಡಿಯುವ ಮೊದಲು ಮರವನ್ನು ಕೇಳಬೇಕು. ಕೊಡಲಿಯನ್ನು ಬುಡಕ್ಕೆ ಒರಗಿಸಿ ಕೈ ಮುಗಿದು ನಿಲ್ಲಬೇಕು. ಕೊಡಲಿ ನಿಂತರೆ ಒಪ್ಪಿಗೆ, ಬಿದ್ದರೆ ಬೇರೆ ಮರ ನೋಡಬೇಕು. ಕಾಳಪ್ಪ ಒರಗಿಸಿದ, ಬಿತ್ತು. ಮತ್ತೆ ಒರಗಿಸಿದ, ಮತ್ತೆ ಬಿತ್ತು. ಮೂರನೆಯ ಸಲ ಹಿಡಿಕೆಯ ಅಡಿಗೆ ಮೆಲ್ಲಗೆ ಒಂದು ಕಲ್ಲು ಕೊಟ್ಟ.

ಮರದ ನೆರಳಿನಲ್ಲಿ ಬುಡಕ್ಕೆ ಬೆನ್ನುಕೊಟ್ಟು ಕೂತಿದ್ದ ನೀಲವ್ವ, ನಾಲಗೆ ಒಣಗಿದ್ದರೂ ಸುಮ್ಮನಿರಲಿಲ್ಲ. ‘ಅಪ್ಪಾ, ನೀ ಮರಾನ ಕೇಳಾಕತ್ತೀಯೋ, ಅದಕ್ಕ ಹುಕುಂ ಮಾಡಾಕತ್ತೀಯೋ?’ ಎಂದಳು. ಆಮೇಲೆ ಕಣ್ಣು ಮುಚ್ಚಿ, ‘ಇಲ್ಲಿ ಬೆನ್ನಿಗೆ ತಣ್ಣಗ ಹತ್ತತೈತಿ’ ಎಂದು ಅಲ್ಲೇ ವಾಲಿದಳು.

ಆಗ ಕಾಳಪ್ಪನ ಜಂಬವೆಲ್ಲ ಇಳಿದು ಅಪ್ಪ ಒಬ್ಬ ಉಳಿದ. ಅವಳನ್ನು ಪಕ್ಕಕ್ಕೆ ಮಲಗಿಸಿ, ಅವಳ ಬೆನ್ನಿದ್ದ ಕಡೆ ಉಬ್ಬಿಕೊಂಡಿದ್ದ ತೊಗಟೆಯನ್ನು ಬೆರಳಿನ ಗೆಣ್ಣಿನಿಂದ ಬಡಿದ. ಮರದ ದನಿ ಅವನಿಗೆ ಮಕ್ಕಳ ದನಿಯಷ್ಟೇ ಗೊತ್ತು. ಇದು ತುಂಬಿದ ಕೊಡದ ಸದ್ದು. ಬೇಸಿಗೆಗೆಂದು ಕೆಲವು ಕರಿಮತ್ತಿಗಳು ಹೊಟ್ಟೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತವೆ ಎಂದು ಅವನ ತಂದೆ ಹೇಳಿದ್ದನ್ನು ಅವನು ನಂಬಿರಲಿಲ್ಲ. ಕಲ್ಲನ್ನು ಒದ್ದು ದೂರ ಮಾಡಿ ನಾಲ್ಕನೆಯ ಸಲ ಕೊಡಲಿ ಒರಗಿಸಿದ. ‘ನಿನ್ನ ಟೊಂಗಿ ಬ್ಯಾಡವ್ವಾ ನನಗ. ಈ ಕೂಸಿಗೆ ನೀರಷ್ಟ ಕೊಡು’ ಎಂದ. ಕೊಡಲಿ ನೆಟ್ಟಂತೆ ನಿಂತಿತಂತೆ.

ಹೆಬ್ಬೆರಳಗಲ ಕಚ್ಚು ಹಾಕಿದ್ದೇ ತಡ, ನೀರು ಚಿಮ್ಮಿತು. ಎಲೆಯ ದೊನ್ನೆಯಲ್ಲಿ ಹಿಡಿಹಿಡಿದು ಕುಡಿಸಿದ. ಅವಳ ಕಣ್ಣಿಗೆ ಜೀವ ಬಂದಿತು. ನೀರು ಸಣ್ಣಗಾಗುತ್ತ ಬಂದಾಗ ಕೊನೆಯ ದೊನ್ನೆಯನ್ನು ಅಪ್ಪನ ಬಾಯಿಗೇ ಹಿಡಿದಳು. ‘ನಂಗ ಬ್ಯಾಡ ಮಗಳ.’ ‘ಒಂದ ಗುಟುಕು, ಅಪ್ಪಾ.’ ಅವನು ಕುಡಿದ. ಜೇನಿನಷ್ಟು ಸಿಹಿಯಾಗಿದ್ದ ಆ ಗುಟುಕು ಗಂಟಲಿಗಿಳಿದದ್ದೇ, ಅಲ್ಲಿ ಸಿಕ್ಕಿಕೊಂಡಿದ್ದ ಮಾತು ಹೊರಬಿತ್ತು: ‘ಗುಂಬ ಹೊಳೆಮತ್ತೀದವ್ವ. ಹಿತ್ತಲದಾಗ ಇತ್ತು, ಗುಡ್ಡಕ್ಕ ಯಾರ ಹೋಗಬೇಕಂತ ಅದನ್ನ ಹಾಕೀನಿ. ಊರಾಗಿನ ಏಳು ಗಾಡಿಗೂ ಅದನ್ನ ಹಾಕಿ ಕರಿಮತ್ತಿ ಅಂತ ಹೇಳೀನಿ.’

ಬಿಸಿಲು ಇಳಿದ ಮೇಲೆ ಗಾಡಿಯನ್ನು ಅಲ್ಲೇ ಬಿಟ್ಟು, ಎತ್ತುಗಳನ್ನು ಮುಂದೆ ಮಾಡಿಕೊಂಡು, ಕೂತು ಎದ್ದು ಅಪ್ಪ ಮಗಳು ಊರು ಸೇರಿದರು. ಮರುದಿನ ಕಾಳಪ್ಪ ಚಾವಡಿಯ ಮುಂದೆ ನಿಂತು ತಪ್ಪು ಹೇಳಿಕೊಂಡ. ಏಳು ಗಾಡಿಗಳ ಗುಂಬಗಳನ್ನೂ ಬಿಚ್ಚಿ ಹೊಸದು ಮಾಡಿಕೊಡಲು ಅವನಿಗೆ ಎರಡು ವರ್ಷ ಹಿಡಿಯಿತು ಎನ್ನುತ್ತಾರೆ. ನೀಲವ್ವನಿಗೆ ಹೆಣ್ಣು ಹುಟ್ಟಿತು. ಆ ಕೂಸೇ ನನ್ನ ಅಜ್ಜಿಯ ಅಜ್ಜಿ.

ಇವತ್ತು ಹೋದರೂ ಕಾಣುತ್ತದೆ: ಆ ಕಚ್ಚು ಮಾದು, ಈಗ ಮುಚ್ಚಿದ ತುಟಿಯ ಹಾಗೆ ಮರದ ಮೈಯಲ್ಲಿ ಉಳಿದಿದೆ. ನನ್ನ ಚಿಕ್ಕಂದಿನಲ್ಲಿ ಗಾಡಿಯವರೆಲ್ಲ ಇಲ್ಲಿ ಎತ್ತುಗಳ ಕೊರಳು ಬಿಚ್ಚಿ, ಗೆಣ್ಣಿನಿಂದ ಮೂರು ಸಲ ಮರ ಬಡಿದು, ಗಡಿಗೆಯಲ್ಲಿ ತಂದ ನೀರನ್ನು ಅವಕ್ಕೆ ಕುಡಿಸಿ ಮುಂದೆ ಹೋಗುತ್ತಿದ್ದರು. ಈಗ ಗಾಡಿಗಳಿಲ್ಲ, ಬಡಿಯುವವರೂ ಇಲ್ಲ. ತೊಗಟೆಯ ಮೇಲೆ ಸಾವಿರಾರು ಗೆಣ್ಣುಗಳು ಸವೆಸಿದ ಅಂಗೈಯಗಲದ ನುಣುಪೊಂದು ಹೊಳೆಯುತ್ತಿದೆ. ಬಸ್ಸಿನಿಂದ ಇಳಿದು ನಾನೂ ಮೂರು ಸಲ ಬಡಿಯುತ್ತೇನೆ. ಒಳಗೆ ಇನ್ನೂ ತುಂಬಿದ ಸದ್ದು.

ಎಲ್ಲವೂ ನಿಜ. ಒಂದು ಚೂರು ಮಾತ್ರ ನಾನು ಸೇರಿಸಿದ್ದು: ಆ ನೀರು ಜೇನಿನಂತಿರಲಿಲ್ಲ. ಮತ್ತಿಯ ನೀರು ಒಗರೆಂದರೆ ಒಗರು. ಕಾಳಪ್ಪ ಬಾಯಿ ಸೊಟ್ಟ ಮಾಡಿ ಮುಖ ಕಿವುಚಿದನಂತೆ, ಅದನ್ನು ನೋಡಿ ನೀಲವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಮಗಳು ಬದುಕಿದಳು ಎಂದು ಅವನಿಗೆ ಖಾತ್ರಿಯಾದದ್ದು ಆ ನಗು ಕೇಳಿದ ಮೇಲೆಯೇ.